ರಾಜ್ಯಸಭೆಯ ದಿನದ ಕಲಾಪ: ಪಟ್ಟಿ ಹಿಡಿದು ನೋಡುವ ಬಗೆ

ಟಿ.ವಿ. ಹಚ್ಚುವ ಮೊದಲು ಆ ದಿನದ ಕಾರ್ಯಕಲಾಪ ಪಟ್ಟಿಯನ್ನು ರಾಜ್ಯಸಭೆಯ ಜಾಲತಾಣದಿಂದ ಇಳಿಸಿಕೊಳ್ಳಿ. ಪೂರಕ ಪಟ್ಟಿಯನ್ನೂ ಹುಡುಕಿ; ತರಾತುರಿಯ ಮಸೂದೆಗಳು ಬರುವುದು ಹೆಚ್ಚಾಗಿ ಅದರಲ್ಲೇ. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಅಂದೇ ಚರ್ಚೆಗೆ ಬರುತ್ತದೆ ಎಂದೇನಿಲ್ಲ.

ಬೆಳಿಗ್ಗೆ 11ಕ್ಕೆ ಸಚಿವರು ಕಾಗದಪತ್ರಗಳನ್ನು ಸದನದ ಮುಂದಿಡುತ್ತಾರೆ. ಕೆಲವೇ ನಿಮಿಷದ ಕೆಲಸ. ಗಲಾಟೆ ಏಳುವುದು ಅದರ ಬೆನ್ನಿಗೆ, ನಿಯಮ 267ರ ನೋಟಿಸುಗಳ ಮೇಲೆ. ಪಟ್ಟಿಯ ಕೆಲಸ ಬದಿಗಿಟ್ಟು ಬೇರೊಂದು ವಿಷಯ ಚರ್ಚಿಸಿ ಎನ್ನುವ ಈ ನೋಟಿಸುಗಳನ್ನು ಸಭಾಪತಿ ಒಪ್ಪುವುದು ತೀರಾ ಅಪರೂಪ. ಸದನ 12ರವರೆಗೆ ಮುಂದೂಡಿತೋ, ಅಂದಿನ ಶೂನ್ಯವೇಳೆ, ಅಂದರೆ ಸದಸ್ಯರು ತುರ್ತು ವಿಷಯ ಎತ್ತುವ ಹೊತ್ತು, ಹೋದಂತೆಯೇ. ನಡೆದರೆ ಒಬ್ಬೊಬ್ಬ ಸದಸ್ಯರಿಗೆ 3 ನಿಮಿಷ. ಸಚಿವರು ಅಲ್ಲೇ ಉತ್ತರಿಸಬೇಕೆಂಬ ಕಟ್ಟುಪಾಡಿಲ್ಲ.

ಪ್ರಶ್ನೋತ್ತರ ವೇಳೆ ಮಧ್ಯಾಹ್ನ 12ರಿಂದ 1. ಲೋಕಸಭೆಯಲ್ಲಿ ಅದು 11ಕ್ಕೇ ಇರುವುದರಿಂದ ಹಲವರು ಎಡವುತ್ತಾರೆ. ರಾಜ್ಯಸಭೆ 2014ರ ಚಳಿಗಾಲದ ಅಧಿವೇಶನದಿಂದ ಸಮಯ ಬದಲಿಸಿಕೊಂಡಿತು. ದಿನಕ್ಕೆ 15 ಚುಕ್ಕೆ (ನಕ್ಷತ್ರ) ಗುರುತಿನ ಪ್ರಶ್ನೆಗಳು, ಅಂದರೆ ಸದನದಲ್ಲೇ ಉತ್ತರ ಕೇಳುವವು; 160 ಚುಕ್ಕೆ ಗುರುತಿಲ್ಲದವು, ಇವಕ್ಕೆ ಲಿಖಿತ ಉತ್ತರ ಮಾತ್ರ. ಸಚಿವರು ಎದ್ದು ‘ಉತ್ತರವನ್ನು ಸದನದ ಮುಂದಿಟ್ಟಿದ್ದೇನೆ’ ಎಂದು ಕೂತುಬಿಡುತ್ತಾರೆ, ಕೂಡಲೇ ಉಪಪ್ರಶ್ನೆ ಶುರು. ಮುದ್ರಿತ ಉತ್ತರ ಕೈಯಲ್ಲಿಲ್ಲದಿದ್ದರೆ ಉಪಪ್ರಶ್ನೆಯ ತಲೆಬುಡ ತಿಳಿಯದು. 15ನ್ನೂ ಮುಗಿಸುವುದು ವಿರಳ. ಸರದಿ ಬಾರದ ಪ್ರಶ್ನೆಗೂ ಲಿಖಿತ ಉತ್ತರ ಸಿಗುತ್ತದೆ. ಹಾಗಾಗಿ ಗದ್ದಲದಲ್ಲಿ ಆ ಒಂದು ಗಂಟೆ ಕೊಚ್ಚಿಹೋದರೆ ನಷ್ಟವಾಗುವುದು ಉತ್ತರವಲ್ಲ, ಸಚಿವರನ್ನು ಮರುಪ್ರಶ್ನಿಸುವ ಅವಕಾಶ. ಸಚಿವಾಲಯಗಳಿಗೆ ವಾರದ ದಿನ ಹಂಚಿರುತ್ತದೆ. ನಿಮಗೆ ಬೇಕಾದದ್ದರ ದಿನ ಮೊದಲೇ ನೋಡಿಟ್ಟುಕೊಳ್ಳಿ.

ಊಟದ ನಂತರ ಮಸೂದೆ. ಪಕ್ಷಗಳ ಬಲಾಬಲಕ್ಕೆ ತಕ್ಕಂತೆ ಸಮಯ ಹಂಚಿಕೆಯಾಗುತ್ತದೆ, ಕೊನೆಗೆ ಸಚಿವರ ಉತ್ತರ. ಮುಂದಿನದಕ್ಕೆ ಮಸೂದೆಯ ಪ್ರತಿ ತೆರೆದಿಟ್ಟುಕೊಳ್ಳಿ, ಏಕೆಂದರೆ ಮಸೂದೆಯ ಖಂಡಗಳನ್ನು (ಕ್ಲಾಸ್) ಮತಕ್ಕೆ ಹಾಕುವುದು ಖಂಡ 2ರಿಂದ. ಖಂಡ 1 ಮತ್ತು ಶೀರ್ಷಿಕೆ ಕಟ್ಟಕಡೆಗೆ. ತಿದ್ದುಪಡಿಗಳು ಆಯಾ ಖಂಡದ ಜತೆ ಬರುತ್ತವೆ. ಧ್ವನಿಮತವಾದರೆ ಯಾರು ಯಾವ ಕಡೆ ಎಂಬ ದಾಖಲೆ ಇರುವುದಿಲ್ಲ. ಹೆಸರು ಬೇಕೆಂದರೆ ಒಬ್ಬೊಬ್ಬರ ಮತ ದಾಖಲಿಸುವ ಮತ ವಿಭಜನೆಯೇ ಆಗಬೇಕು, ಅದನ್ನು ಸದಸ್ಯರು ಕೇಳಬೇಕು.

ಲೆಕ್ಕ ತಪ್ಪುವುದು ಸಂವಿಧಾನ ತಿದ್ದುಪಡಿಯಲ್ಲಿ. ಮತ ಹಾಕಿದವರ ಮೂರನೇ ಎರಡು ಭಾಗವಷ್ಟೇ ಸಾಲದು, ಒಟ್ಟು ಸದಸ್ಯಬಲದ ಬಹುಮತವೂ ಬೇಕು. 245ರ ಸದನದಲ್ಲಿ 180 ಮಂದಿ ಮತ ಹಾಕಿದರೆ ಮೂರನೇ ಎರಡು 120. ಆದರೂ 123 ಇಲ್ಲದೆ ಮಸೂದೆ ದಾಟದು. ಕೋರಂ, ಅಂದರೆ ಸದನ ನಡೆಯಲು ಬೇಕಾದ ಕನಿಷ್ಠ ಹಾಜರಿ, ಮಾತ್ರ ಹತ್ತನೇ ಒಂದು, ಅಂದರೆ 25. ಸಭಾಪತಿ ಮತ ಹಾಕುವುದು ಸಮಬಲವಾದಾಗ ಮಾತ್ರ. ಧನ ಮಸೂದೆ (ಮನಿ ಬಿಲ್) ಎಂದು ಲೋಕಸಭಾಧ್ಯಕ್ಷರ ಪ್ರಮಾಣಪತ್ರ ಹೊತ್ತು ಬಂದದ್ದನ್ನು ಇಲ್ಲಿ ಸೋಲಿಸಲಾಗದು. 14 ದಿನದೊಳಗೆ ಶಿಫಾರಸಿನೊಂದಿಗೋ ಇಲ್ಲದೆಯೋ ಹಿಂದಿರುಗಿಸಬೇಕು.

ಶುಕ್ರವಾರ ಮಧ್ಯಾಹ್ನದ ಎರಡೂವರೆ ಗಂಟೆ ಖಾಸಗಿ ಸದಸ್ಯರದು, ಅಂದರೆ ಸಚಿವರಲ್ಲದವರದು: ಒಂದು ವಾರ ಮಸೂದೆ, ಇನ್ನೊಂದು ವಾರ ನಿರ್ಣಯ.

ಅಂದು ನಿಜಕ್ಕೂ ಏನಾಯಿತೆಂಬುದಕ್ಕೆ ಸದನ ಮುಗಿದ ಮೇಲೆ ಬುಲೆಟಿನ್ ಭಾಗ 1 ನೋಡಿ. ಬೆಳಗಿನ ಪಟ್ಟಿಯ ಪಕ್ಕದಲ್ಲಿಟ್ಟರೆ ಬಿಟ್ಟುಹೋದದ್ದು ಕಾಣುತ್ತದೆ. ಮಾತುಗಳು ಬೇಕಾದರೆ ಚರ್ಚೆಯ ಶಬ್ದಶಃ ವರದಿ ಓದಿ. ಅದರಲ್ಲಿ ನಕ್ಷತ್ರ ಚಿಹ್ನೆ ಇದ್ದ ಕಡೆ ಪೀಠದ ಆದೇಶದಂತೆ ಕಡತದಿಂದ ತೆಗೆದ ಪದಗಳಿದ್ದವು ಎಂದರ್ಥ, ಚುಕ್ಕೆ ಗುರುತಿನ ಪ್ರಶ್ನೆಗೂ ಅದಕ್ಕೂ ನಂಟಿಲ್ಲ.