ಇಗರ್ಜಿಗೆ ಮೈಕ್ ಸೆಟ್ ಆರಿಸಿದ್ದು ಹೀಗೆ

ಇಗರ್ಜಿಯ ಉದ್ದ 30 ಮೀಟರ್, ಅಗಲ 12. ಹಂಚಿನ ಮಾಡು, ಸುತ್ತ ಗಾರೆಯ ಗೋಡೆ. ಖಾಲಿ ಇದ್ದಾಗ ಒಮ್ಮೆ ಚಪ್ಪಾಳೆ ತಟ್ಟಿದರೆ ಸದ್ದು ಅಡಗಲು ಎರಡೂವರೆ ಸೆಕೆಂಡು ಬೇಕು. ಇಂಥ ಕಡೆ ದೊಡ್ಡ ಬಾಕ್ಸ್ ಇಟ್ಟರೆ ಮಾತಿನ ಜೊತೆ ಪ್ರತಿಧ್ವನಿಯೂ ಜೋರಾಗುತ್ತದೆ. ಹಿಂದಿನ ಬೆಂಚಿಗೆ ಎಲ್ಲ ಕೇಳುತ್ತದೆ, ಒಂದೂ ತಿಳಿಯುವುದಿಲ್ಲ. ಅಂಗಡಿಯವರು ಮೊದಲು ಕೇಳುವುದೇ ‘ಎಷ್ಟು ವ್ಯಾಟ್?’ ಅಂತ. ನಾನು ಅವರ ಮುಂದಿಟ್ಟದ್ದು ಅಳತೆ ಬರೆದ ನಕ್ಷೆ.

ಆರಿಸಿದ್ದು ಕಾಲಂ ಸ್ಪೀಕರ್, ಅಂದರೆ ಚಿಕ್ಕ ಸ್ಪೀಕರುಗಳನ್ನು ಒಂದರ ಮೇಲೊಂದು ಜೋಡಿಸಿದ ಉದ್ದನೆಯ ಡಬ್ಬ. ಅದರ ಸದ್ದು ಅಕ್ಕಪಕ್ಕ ಹರಡುತ್ತದೆ, ಮಾಡಿಗೆ ಬಡಿಯುವುದು ಕಡಿಮೆ. ಮುಂದೆ 40 ವ್ಯಾಟಿನವು ಎರಡು, ಅಲ್ಲಿಂದ 14 ಮೀಟರ್ ಹಿಂದೆ 20 ವ್ಯಾಟಿನವು ಎರಡು. ಬುಡ ನೆಲದಿಂದ ಎರಡೂವರೆ ಮೀಟರ್ ಎತ್ತರ, ತಲೆ ತುಸು ಮುಂದಕ್ಕೆ ಬಾಗಿ ಬೆಂಚುಗಳತ್ತ. ಚಂದಕ್ಕೆಂದು ಕಾಲಂಗಳನ್ನು ಅಡ್ಡ ಮಲಗಿಸಿ ಕಟ್ಟುವವರಿದ್ದಾರೆ. ಆಗ ಅದರ ಗುಣವೇ ತಿರುವುಮುರುವು. ವೈರಿಂಗ್ 100 ವೋಲ್ಟ್ ಲೈನ್, ಅಂದರೆ ಉದ್ದದ ವೈರಿನಲ್ಲೂ ಶಕ್ತಿ ಹೆಚ್ಚು ಸೋರದೆ ಹಲವು ಸ್ಪೀಕರುಗಳಿಗೆ ಮುಟ್ಟುವ ಪದ್ಧತಿ. ಮುಂದಿನ ಜೋಡಿಗೆ ಒಂದು, ಹಿಂದಿನ ಜೋಡಿಗೆ ಒಂದು ಅಂತ ಒಂದೇ ಮಾದರಿಯ 120 ವ್ಯಾಟಿನ ಎರಡು ಆಂಪ್ಲಿಫೈಯರ್. ಒಂದು ಕೆಟ್ಟರೂ ಆ ಭಾನುವಾರದ ಪೂಜೆ ನಡೆಯುತ್ತದೆ.

ಆಂಪ್ಲಿಫೈಯರ್ ಎರಡು ಬೇಕಾದದ್ದು ಡಿಲೇಗಾಗಿ, ಅಂದರೆ ಹಿಂದಿನ ಜೋಡಿಗೆ ಸದ್ದನ್ನು ತುಸು ತಡವಾಗಿ ಕಳಿಸಲು. ಮುಂದಿನ ಸ್ಪೀಕರಿನ ಸದ್ದು 14 ಮೀಟರ್ ನಡೆಯಲು ಸುಮಾರು 40 ಮಿಲಿಸೆಕೆಂಡು. ಹಿಂದಿನದು ಅಷ್ಟು ಕಾಯದೆ ನುಡಿದರೆ ಪ್ರತಿ ಪದವೂ ಎರಡೆರಡು ಸಲ ಕೇಳಿದಂತಾಗುತ್ತದೆ. 40ಕ್ಕೆ 10 ಸೇರಿಸಿ 50 ಇಟ್ಟೆ. ಆಗ ಹಿಂದೆ ಕೂತವರಿಗೂ ದನಿ ಬಲಿಪೀಠದಿಂದಲೇ ಬಂದಂತೆ ಅನ್ನಿಸುತ್ತದೆ.

ಹಣ ಉಳಿಸಬಾರದ ಜಾಗ ಮೈಕ್. ವಾಚನಪೀಠಕ್ಕೆ ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಗೂಸ್‌ನೆಕ್, ಅಂದರೆ ಕತ್ತು ಬಾಗುವ ಮೈಕ್, ಬಾಯಿಂದ ಒಂದು ಗೇಣು ದೂರ. ಎರಡು ಗೇಣಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ. ಅದನ್ನು ತುಂಬಲು ವಾಲ್ಯೂಮ್ ಗುಬ್ಬಿ (ನಾಬ್) ತಿರುಗಿಸಿದರೆ ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೊಕ್ಕು ಕುಂಯ್ ಎಂಬ ಕೂಗು. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಕೂಗು 3 ಡೆಸಿಬೆಲ್ ಹತ್ತಿರ ಬರುತ್ತದೆ. ಹಾಗಾಗಿ ಶುಭಸಂದೇಶ ಓದುವಾಗ ಗಾಯನ ಮಂಡಳಿಯ ಮೈಕುಗಳು ಬಂದ್. ಮಾತಿನ ಮೈಕುಗಳಿಗೆಲ್ಲ 120 ಹರ್ಟ್ಜ್‌ನ ಕೆಳಗಿನ ತಗ್ಗು ಸದ್ದಿಗೆ ಕತ್ತರಿ. ಮಿಕ್ಸರಿನ ‘ಎಕೋ’ ಗುಬ್ಬಿ ಸೊನ್ನೆಯಲ್ಲಿ. ಗೋಡೆಗಳು ಆ ಕೆಲಸವನ್ನು ಪುಕ್ಕಟೆ ಮಾಡುತ್ತಿವೆ.

ಮುಂದಿನ ಎರಡು ಕಾಲಂಗಳಲ್ಲಿ ಒಂದರ ವೈರ್ ಅದಲುಬದಲಾದರೆ ನಡುದಾರಿಯಲ್ಲಿ ನಿಂತವರಿಗೆ ದನಿ ಟೊಳ್ಳಾಗಿ, ತಳವಿಲ್ಲದಂತೆ ಕೇಳುತ್ತದೆ. ಒಂದು ಕಡೆಯ ಎರಡು ವೈರ್ ಅದಲಿಸಿದರೆ ಸರಿ. ಮೈಕ್ ಕೇಬಲ್ ಬ್ಯಾಲೆನ್ಸ್ಡ್ ಇರಲಿ, ಅಂದರೆ ಒಳಗೆ ಎರಡು ತಂತಿ, ಸುತ್ತ ಕವಚ ಇದ್ದು ಹೊರಗಿನ ಗದ್ದಲವನ್ನು ದೂರವಿಡುವಂಥದ್ದು. ಕರೆಂಟ್ ವೈರಿನ ಪಕ್ಕದಲ್ಲೇ ಓಡಿಸಬೇಡಿ, ದಾಟುವುದಿದ್ದರೆ ಅಡ್ಡವಾಗಿ ದಾಟಿಸಿ.

ಬಿಲ್ ಕೊಡುವ ಮೊದಲು ಒಂದು ಪರೀಕ್ಷೆ. ಫ್ಯಾನ್‌ಗಳೆಲ್ಲ ತಿರುಗುತ್ತಿರಲಿ. ಒಬ್ಬರು ಪೀಠದಲ್ಲಿ ಕಾಲು, ಪಾಲು, ಹಾಲು, ಸಾಲು, ನೂಲು ಅಂತ ಕ್ರಮ ತಪ್ಪಿಸಿ 20 ಪದ ಓದಲಿ; ಕೊನೆಯ ಬೆಂಚಿನಲ್ಲಿ ಇನ್ನೊಬ್ಬರು ಕೇಳಿದ್ದನ್ನು ಬರೆದುಕೊಳ್ಳಲಿ. ಹದಿನೆಂಟಾದರೂ ಸರಿಯಾಗದಿದ್ದರೆ ವಾಲ್ಯೂಮ್ ಏರಿಸಬೇಡಿ, ಏಣಿ ಹತ್ತಿ ಕಾಲಂನ ಬಾಗು ಸರಿಪಡಿಸಿ. ಖಾಲಿ ಇಗರ್ಜಿಯಲ್ಲಿ ಪಾಸಾದದ್ದು ಜನ ತುಂಬಿದಾಗ ಇನ್ನೂ ಸ್ಪಷ್ಟ. ಮೈ, ಬಟ್ಟೆಗಳೇ ಅರ್ಧ ಪ್ರತಿಧ್ವನಿ ಹೀರಿಕೊಳ್ಳುತ್ತವೆ.