ಎದೆಯ ನೀರಿನಿಂದ ಸೆಲ್ ಬ್ಲಾಕ್: ಕಾಸರಗೋಡಿನ ಸಣ್ಣ ಲ್ಯಾಬಿನಲ್ಲಿ ನನ್ನ ಅನುಭವ

ಶ್ವಾಸಕೋಶದ ಕ್ಯಾನ್ಸರ್ ಅನುಮಾನವಿದ್ದವರ ಎದೆಯಲ್ಲಿ, ಶ್ವಾಸಕೋಶದ ಸುತ್ತ ತುಂಬಿದ ನೀರನ್ನು ನೋಡಿ "ಮ್ಯಾಲಿಗ್ನೆಂಟ್ (ಕ್ಯಾನ್ಸರ್) ಕೋಶಗಳಿವೆ" ಎಂದು ಬರೆದು ಕೊಟ್ಟರೆ ಮೊದಲು ಸಾಕಾಗುತ್ತಿತ್ತು. ಈಗ ಮಂಗಳೂರಿನ ಕ್ಯಾನ್ಸರ್ ಡಾಕ್ಟರು ಮೊದಲು ಕೇಳುವುದೇ "ಯಾವ ಟೈಪ್?" ಎಂದು. ಸ್ಮಾಲ್ ಸೆಲ್ ಎಂಬ ಟೈಪ್ ಆದರೆ ಕೀಮೋದ ದಾರಿಯೇ ಬೇರೆ. ಸ್ಕ್ವೇಮಸ್ ಟೈಪ್ ಆದರೆ ಪೆಮೆಟ್ರೆಕ್ಸೆಡ್ ಎಂಬ ಕೀಮೋ ಔಷಧಿ ಕೊಡುವುದಿಲ್ಲ. ಅಡಿನೊ (ಗ್ರಂಥಿ ಕೋಶದ ಟೈಪ್) ಆದರೆ ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್‌ಗಳಲ್ಲಿ ಬದಲಾವಣೆ ಇದೆಯೇ ಎಂದು ನೋಡಲೇಬೇಕು. ಇದಕ್ಕೆಲ್ಲ ಒಂದೆರಡು ಸ್ಮಿಯರ್ (ಗಾಜಿನ ಸ್ಲೈಡ್ ಮೇಲೆ ಸವರಿದ ಕೋಶ) ಎಲ್ಲಿ ಸಾಲುತ್ತದೆ? ಸೆಲ್ ಬ್ಲಾಕ್ ಬೇಕು, ಅಂದರೆ ನೀರಿನ ಕೋಶಗಳನ್ನೆಲ್ಲ ಒಟ್ಟುಮಾಡಿ ಮೇಣದಲ್ಲಿ ಕೂರಿಸಿದ ಗಟ್ಟಿ. ಅದರಿಂದ ಬೇರೆ ಬೇರೆ ಟೆಸ್ಟಿಗೆ ತೆಳು ಪದರ ಕತ್ತರಿಸಬಹುದು.

"ಇಲ್ಲಿ ಸೆಲ್ ಬ್ಲಾಕಾ? ಸುಮ್ನೆ ನೀರು ಮಂಗಳೂರಿಗೆ ಕಳಿಸಿ ಮಾರಾಯ್ರೆ" ಎಂದು ನಕ್ಕವರೇ ಜಾಸ್ತಿ. ಈಗ ಅವರಲ್ಲೇ ಕೆಲವರು ನಮಗೆ ಬಾಟಲಿ ಕಳಿಸುತ್ತಾರೆ. ಇಷ್ಟು ಹೇಳಿಕೊಳ್ಳುವ ಹಕ್ಕು ನನಗಿದೆ.

ಮೊದಲು ಪೆಲೆಟ್ (ನೀರನ್ನು ಮಶೀನಿನಲ್ಲಿ ಜೋರಾಗಿ ತಿರುಗಿಸಿದಾಗ ತಳದಲ್ಲಿ ಕೂರುವ ಕೋಶಗಳ ಗಸಿ) ಮೇಲೆ ನೇರ ಫಾರ್ಮಲಿನ್ (ಕೋಶ ಕೆಡದಂತೆ ಹಿಡಿದಿಡುವ ದ್ರಾವಣ) ಹಾಕಿ ನೋಡಿದೆ. ಪ್ರೊಸೆಸಿಂಗ್ ಮುಗಿಯುವಾಗ ಅದನ್ನಿಟ್ಟ ಸಣ್ಣ ಪೆಟ್ಟಿಗೆ, ಕ್ಯಾಸೆಟ್, ಖಾಲಿ! ಫಿಲ್ಟರ್ ಪೇಪರಿನಲ್ಲಿ ಸುತ್ತಿದರೆ ಅರ್ಧ ಕೋಶಗಳು ಪೇಪರಿಗೇ ಅಂಟಿದವು. ಅಗರ್ (ಕಡಲಪಾಚಿಯ ಜೆಲ್ಲಿ) ಸ್ವಲ್ಪ ಬಿಸಿ ಹೆಚ್ಚಾದರೆ ಕೋಶ ಹಾಳು, ಆರಿದರೆ ಗಂಟು. ಮೊಟ್ಟೆಯ ಬಿಳಿಯಲ್ಲಿ ಬ್ಲಾಕ್ ಚೆನ್ನಾಗಿಯೇ ಕೂತಿತು, ಆದರೆ ಹಿನ್ನೆಲೆಯೆಲ್ಲ ಗುಲಾಬಿ. ಪೆಥಾಲಜಿಸ್ಟ್ ಮೇಡಂ ಸ್ಲೈಡ್ ನೋಡಿ "ಆಮ್ಲೆಟ್ ಕಳಿಸಿದ್ದೀರಾ?" ಅಂದರು.

ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ತರಿಸೋಣವೆಂದರೆ ಸಣ್ಣ ಬಾಟಲಿಗೇ ಸಾವಿರಗಟ್ಟಲೆ. ತೆರೆದಿಟ್ಟರೆ ಬಾಳಿಕೆಯೂ ಇಲ್ಲ. ಆಗ ಕಣ್ಣು ಬಿದ್ದದ್ದು ಪಿಟಿ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಟೆಸ್ಟ್) ರೀಏಜೆಂಟ್ ಮೇಲೆ. ಅದರಲ್ಲಿ ಥ್ರಾಂಬೋಪ್ಲಾಸ್ಟಿನ್ ಇದೆ, ಕ್ಯಾಲ್ಸಿಯಂ ಇದೆ. ಪಿಟಿ ಟೆಸ್ಟಿನಲ್ಲಿ ಉಳಿದ ಪ್ಲಾಸ್ಮಾ ಹೇಗೂ ಫ್ರಿಜ್ಜಿನಲ್ಲಿರುತ್ತದೆ. ಎಚ್‌ಐವಿ, ಎಚ್‌ಬಿಎಸ್‌ಎಜಿ, ಎಚ್‌ಸಿವಿ (ಕೊನೆಯೆರಡು ಹೆಪಟೈಟಿಸ್ ಬಿ, ಸಿ) ನೆಗೆಟಿವ್ ಆದದ್ದನ್ನು ಮಾತ್ರ ಎತ್ತಿಡುತ್ತೇನೆ. ಪೆಲೆಟ್‌ಗೆ ಪ್ಲಾಸ್ಮಾ, ರೀಏಜೆಂಟ್ ಎರಡನ್ನೂ ಹಾಕಿದರೆ ಕೆಲವೇ ನಿಮಿಷದಲ್ಲಿ ತಾಟಿನುಂಗಿನ ಹಾಗೆ ಗಟ್ಟಿಯಾಗುತ್ತದೆ. ಲೆನ್ಸ್ ಪೇಪರಿನಲ್ಲಿ ಸುತ್ತಿ, 10% ಫಾರ್ಮಲಿನ್‌ನಲ್ಲಿ ರಾತ್ರಿಯಿಡೀ. ಎಷ್ಟು ಹನಿ, ಯಾವಾಗ ಅಲುಗಾಡಿಸಬೇಕು, ರಕ್ತ ಬೆರೆತ ನೀರಿಗೆ ಏನು ಮಾಡುತ್ತೇನೆ ಎಂಬುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಖರ್ಚು ಬ್ಲಾಕಿಗೆ ನೂರು, ನೂರೈವತ್ತು ರೂಪಾಯಿ ಆದೀತು. ದುಡ್ಡು ಹೋಗುವುದು ಕೋಶದ ಟೈಪ್ ಹೇಳುವ ಪ್ರೋಟೀನ್‌ಗಳಿಗೆ (ಮಾರ್ಕರ್) ಬಣ್ಣ ಹಿಡಿಸುವ ಪರೀಕ್ಷೆ ಐಎಚ್‌ಸಿಯಲ್ಲಿ. ಒಂದೊಂದು ಮಾರ್ಕರಿಗೆ ಹೊರಗೆ ಸಾವಿರದ ಆಸುಪಾಸು. ಆರೇಳು ಮಾರ್ಕರ್ ಬರೆದರೆ ಬಡವರು ಏನು ಮಾಡಬೇಕು? ಮೇಡಂ ಮೊದಲು ಟಿಟಿಎಫ್-1 (ಅಡಿನೊಗೆ), ಪಿ40 (ಸ್ಕ್ವೇಮಸ್‌ಗೆ) ಎರಡನ್ನೇ ಕೇಳುತ್ತಾರೆ. ಉಳಿದ ಬ್ಲಾಕ್ ಇಜಿಎಫ್‌ಆರ್‌ಗೆ. ಟಿಟಿಎಫ್-1 ಪಾಸಿಟಿವ್ ಅಂದ ಮಾತ್ರಕ್ಕೆ ಅಡಿನೊ ಅಲ್ಲ, ಸ್ಮಾಲ್ ಸೆಲ್‌ನಲ್ಲೂ ಹೆಚ್ಚಾಗಿ ಬರುತ್ತದೆ. ಕೋಶ ಸಣ್ಣದು, ಕಪ್ಪು, ನ್ಯೂಕ್ಲಿಯಸ್ಸುಗಳು ಒಂದನ್ನೊಂದು ಒತ್ತಿಕೊಂಡಿದ್ದರೆ ಸ್ಮಾಲ್ ಸೆಲ್‌ನ ಮಾರ್ಕರ್ ಸಿನಾಪ್ಟೋಫೈಸಿನ್‌ಗೂ ದುಡ್ಡು ತೆಗೆದಿಡಬೇಕು. ಸ್ಮಿಯರಿನಲ್ಲಿ ಇವು ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳಂತೆ ಕಾಣುವುದುಂಟು. ನಮ್ಮಲ್ಲಿ ಟಿಬಿ ನೀರು ಬೇರೆ ಜಾಸ್ತಿ, ಅದರ ತುಂಬಾ ಲಿಂಫೋಸೈಟ್.

ಟಿಬಿ ಮಾತ್ರೆ ತಿಂಗಳುಗಟ್ಟಲೆ ತಿಂದರೂ ನೀರು ಮತ್ತೆ ಮತ್ತೆ ತುಂಬುತ್ತಿದ್ದ ಒಬ್ಬ ಹೆಂಗಸಿನ ಬಾಟಲಿ ಬಂತು. ಬೀಡಿ ಕಟ್ಟುವವರು, ಸೇದಿದವರಲ್ಲ. ಸ್ಮಿಯರಿನಲ್ಲಿ ಅನುಮಾನ ಮಾತ್ರ. ಬ್ಲಾಕ್‌ನಲ್ಲಿ ಗ್ರಂಥಿಯ ಆಕಾರ ಎದ್ದು ಕಂಡಿತು, ಟಿಟಿಎಫ್-1 ಪಾಸಿಟಿವ್, ಪಿ40 ನೆಗೆಟಿವ್. ಅದೇ ಬ್ಲಾಕಿನಿಂದ ಇಜಿಎಫ್‌ಆರ್ ಮ್ಯುಟೇಶನ್ನೂ ಸಿಕ್ಕಿತು. ಕೀಮೋ ಬದಲು ಆ ಮ್ಯುಟೇಶನ್ನಿಗೆ ಕೊಡುವ ಮಾತ್ರೆ ಶುರುವಾಯಿತು. ನಗುವವರ ಬಾಯಿ ಮುಚ್ಚಿದ್ದು ಅಲ್ಲಿಂದ.

ಡಾಕ್ಟರುಗಳಿಗೆ ನಾನು ಹೇಳುವುದು ಇಷ್ಟೇ: "50 ಎಂಎಲ್‌ಗೆ ಕಡಿಮೆ ಬೇಡ ಡಾಕ್ಟ್ರೇ, ಬಾಟಲಿಗೆ ಫಾರ್ಮಲಿನ್ ಹಾಕಬೇಡಿ." ಫಾರ್ಮಲಿನ್ ಬಿದ್ದ ಮೇಲೆ ನನ್ನ ಪ್ಲಾಸ್ಮಾ ಸರಿಯಾಗಿ ಹಿಡಿಯುವುದಿಲ್ಲ. ರಾತ್ರಿ ತೆಗೆದದ್ದಾದರೆ ಫ್ರಿಜ್ಜಿನಲ್ಲಿಟ್ಟು ಬೆಳಗ್ಗೆ ಕಳಿಸಿದರಾಯಿತು.

ನಡುವೆ ಕಫದ ಬ್ಲಾಕ್ ಕೂಡ ಮಾಡಿ ನೋಡಿದೆ. ದೊಡ್ಡ ಶ್ವಾಸನಾಳದ ಹತ್ತಿರದ ಸ್ಕ್ವೇಮಸ್ ಗಡ್ಡೆಗಳದ್ದು ಸಿಕ್ಕಿತು, ಕೆರಟಿನ್ ಸಮೇತ. ಶ್ವಾಸಕೋಶದ ಅಂಚಿನಲ್ಲಿ ಬೆಳೆಯುವ ಅಡಿನೊ ಕಫಕ್ಕೆ ಎಲ್ಲಿ ಬರುತ್ತದೆ? ಹೆಚ್ಚಿನವು ಖಾಲಿ. ಎದೆಯ ನೀರಿನಲ್ಲಿ ಇದರ ಉಲ್ಟಾ ಲೆಕ್ಕ: ಅಡಿನೊ ಧಾರಾಳ, ಸ್ಕ್ವೇಮಸ್ ಅಪರೂಪ. ಕಫ ಈಗಲೂ ಮಾಡುತ್ತೇನೆ, ಅದೂ ಬ್ರಾಂಕೋಸ್ಕೋಪಿಗೆ (ಶ್ವಾಸನಾಳಕ್ಕೆ ಕೊಳವೆ ಇಳಿಸಿ ನೋಡುವುದು) ಹೋಗಲು ಆಗದವರಿಗೆ ಮಾತ್ರ. ಬ್ಲಾಕ್ ಖಾಲಿ ಬಂದರೆ ದುಡ್ಡು ತೆಗೆದುಕೊಳ್ಳುವುದಿಲ್ಲ.