ಕಾಗದದ ಮೇಲೆ ಮನುಷ್ಯ ನಿಲ್ಲಬೇಕಾದರೆ

ಹೂಜಿ, ಬಕೆಟ್, ದಾಸವಾಳದ ಎಲೆ ಬಿಡಿಸುವುದು ನನಗೆ ಹೈಸ್ಕೂಲಿನಿಂದಲೇ ಬರುತ್ತಿತ್ತು. ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಮನುಷ್ಯರನ್ನು ಬಿಡಿಸೋಣ ಅನಿಸಿದ್ದು ನಲವತ್ತು ದಾಟಿದ ಮೇಲೆ. ಹೂಜಿ ಸ್ವಲ್ಪ ಸೊಟ್ಟಗಾದರೆ ಅದು ಇನ್ನೊಂದು ಥರದ ಹೂಜಿ, ಅಷ್ಟೇ. ಮನುಷ್ಯನ ತೋಳು ಚೂರು ಉದ್ದವಾದರೆ ಮನೆಯವರೆಲ್ಲ ನಗುತ್ತಾರೆ. ಹುಟ್ಟಿದಾಗಿನಿಂದ ಎಲ್ಲರೂ ಮನುಷ್ಯರನ್ನೇ ನೋಡಿಕೊಂಡು ಬಂದಿರುತ್ತಾರಲ್ವಾ, ಅದರಲ್ಲಿ ತಪ್ಪು ಹುಡುಕಲು ಯಾರೂ ಕಲೆ ಓದಿರಬೇಕಾಗಿಲ್ಲ.

ನಾನಿರುವುದು ಮಂಡ್ಯದಲ್ಲಿ, ಕೆಲಸ ಮೈಸೂರಿನಲ್ಲಿ. ಅಲ್ಲಿನ ಕಾವಾದಂಥ ಚಿತ್ರಕಲಾ ಕಾಲೇಜಿಗೆ ಸೇರಿದವರಿಗೆ ಮಾಡೆಲ್ ಕೂರಿಸಿ ಅಭ್ಯಾಸ ಮಾಡಿಸುತ್ತಾರೆ. ಆಫೀಸಿಗೆ ಹೋಗಿಬರುವ ನನ್ನಂಥವರಿಗೆ ಸಿಗುವುದು ಮೊಬೈಲು. ನೆಟ್‌ನಲ್ಲಿ ಟೈಮರ್ ಹಾಕಿ ಒಂದಾದ ಮೇಲೊಂದು ಭಂಗಿಯ ಫೋಟೋ ತೋರಿಸುವ ಸೈಟುಗಳಿವೆ. ಶುರುವಿನಲ್ಲೇ 30 ಸೆಕೆಂಡಿನ ಭಂಗಿ ಬಿಡಿಸಿ ಅಂತ ಬಹಳ ಜನ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಿಲ್ಲದವನಿಗೆ 30 ಸೆಕೆಂಡು ತಲೆ ಬಿಡಿಸಿ ಕತ್ತಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ರಾತ್ರಿ ಮಲಗುವ ಹೊತ್ತಿಗೆ ಒಂದು ಕಟ್ಟು ಕಾಗದದ ತುಂಬ ಬರೀ ತಲೆಗಳು. ಮನಸ್ಸು ಮುರಿಯಲು ಅಷ್ಟು ಸಾಕು. ಎರಡು ನಿಮಿಷದಿಂದ ಶುರು ಮಾಡಿ, ಕೈ ಪಳಗಿದ ಮೇಲೆ ಒಂದು ನಿಮಿಷ, ಆಮೇಲೆ 30 ಸೆಕೆಂಡು. ನನಗೆ ದಕ್ಕಿದ್ದು ಈ ದಾರಿ.

ಆದರೆ ನಿಜವಾಗಿ ಕಲಿತದ್ದು ಸೈಟಿನಿಂದಲ್ಲ, ರೈಲಿನಿಂದ.

ಮಂಡ್ಯದಿಂದ ಮೈಸೂರಿಗೆ ಬೆಳಗಿನ ರೈಲಿನಲ್ಲಿ ಅರ್ಧ ಬೋಗಿ ನಿದ್ದೆಯಲ್ಲಿರುತ್ತದೆ. ನಿದ್ದೆ ಮಾಡುವವರಿಗಿಂತ ಒಳ್ಳೆಯ ಮಾಡೆಲ್ ಸಿಗುವುದಿಲ್ಲ. ದುಡ್ಡು ಕೇಳುವುದಿಲ್ಲ, ಅಲುಗಾಡುವುದಿಲ್ಲ, ಪಾಂಡವಪುರ ದಾಟುವವರೆಗಂತೂ ಕಣ್ಣು ಬಿಡುವುದಿಲ್ಲ. ಇನ್ನೊಂದು ಅನುಕೂಲವೂ ಇದೆ. ನಮ್ಮ ರೈಲಿನ ಕಿಟಕಿಗೆ ಅಡ್ಡ ಸರಳುಗಳಿವೆಯಲ್ಲ, ಅವು ಬೆನ್ನ ಹಿಂದೆ ಎಳೆದಿಟ್ಟ ಗೆರೆಗಳು. ತಲೆ ಯಾವ ಸರಳಿನವರೆಗೆ ಬಂದಿದೆ, ಎಡ ಹೆಗಲು ಬಲ ಹೆಗಲಿಗಿಂತ ಎಷ್ಟು ಇಳಿದಿದೆ, ಎಲ್ಲ ಸರಳು ನೋಡಿದರೆ ತಿಳಿಯುತ್ತದೆ. ಪೆನ್ಸಿಲನ್ನು ಕೈ ಚಾಚಿ ಹಿಡಿದು ಒಂದು ಕಣ್ಣು ಮುಚ್ಚಿ ಅಳೆಯುವ ಪದ್ಧತಿ ಪುಸ್ತಕದಲ್ಲಿ ಚೆನ್ನಾಗಿದೆ. ರೈಲಿನಲ್ಲಿ ಎದುರು ಕೂತವರ ಮೂಗಿನ ನೇರಕ್ಕೆ ಪೆನ್ಸಿಲ್ ಚಾಚಿ ಕೂತರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಎದುರು ಸೀಟಿನವರು ಇನ್ನೊಂದು ಪಾಠ ಕಲಿಸಿದರು. ಮಂಡಿ ನಮ್ಮ ಕಡೆ ಮಾಡಿ ಕೂತವರ ತೊಡೆ ನಮಗೆ ಕಾಣುವುದು ಗೇಣಿನಷ್ಟೂ ಇಲ್ಲ. ಮಂಡಿ, ಅದರ ಹಿಂದೆ ತಕ್ಷಣ ಹೊಟ್ಟೆ. ಆದರೆ ತೊಡೆ ಉದ್ದ ಅಂತ ತಲೆಗೆ ಗೊತ್ತಲ್ಲ, ಕೈ ಅದನ್ನೇ ಎಳೆಯುತ್ತದೆ. ಇದಕ್ಕೆ ನನಗೆ ಸಿಕ್ಕ ಉಪಾಯ ಮೈ ಬಿಟ್ಟು ಸಂದಿ ನೋಡುವುದು. ಮೊಣಕೈ ಮತ್ತು ಸೊಂಟದ ನಡುವೆ ಒಂದು ತ್ರಿಕೋನ ಇರುತ್ತದೆ. ಎರಡು ಕಾಲುಗಳ ನಡುವೆ ಸೀಟಿನ ರೆಕ್ಸಿನ್ ಒಂದು ಆಕಾರದಲ್ಲಿ ಕಾಣುತ್ತದೆ. ಆ ಖಾಲಿ ಜಾಗಗಳಿಗೆ ಹೆಸರಿಲ್ಲ, ಹಾಗಾಗಿ ತಲೆ ಅಲ್ಲಿ ಮೂಗು ತೂರಿಸುವುದಿಲ್ಲ. ಅವನ್ನು ಸರಿಯಾಗಿ ಬಿಡಿಸಿದರೆ ತೊಡೆ ತಾನಾಗಿ ಸರಿಯಾಗುತ್ತದೆ.

ಇಷ್ಟಾದರೂ ನನ್ನ ಮನುಷ್ಯರಲ್ಲಿ ಏನೋ ಕೊರತೆ ಇತ್ತು. ಏನು ಅಂತ ತಿಳಿದದ್ದು ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜನಿಂದ. ಬಾಗಿಲ ಹತ್ತಿರ ನಿಂತ ಹುಡುಗನನ್ನು ಬಿಡಿಸುತ್ತಿದ್ದೆ. ಅಜ್ಜ ಬಗ್ಗಿ ನೋಡಿ, "ಇವ್ನ್ಯಾಕೆ ತಂತಿ ಮ್ಯಾಲೆ ಬಟ್ಟೆ ನೇತಾಕ್ದಂಗವ್ನೆ? ಕಾಲ್ ನೆಲಕ್ಕೇ ಊರಿಲ್ವಲ್ಲ" ಅಂದರು. ಯಾವ ವಿಡಿಯೋದಲ್ಲೂ ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ. ಕಣ್ಣು, ಬೆರಳು, ಅಂಗಿಯ ಗುಂಡಿ ಎಲ್ಲ ಇದ್ದವು. ಭಾರ ಇರಲಿಲ್ಲ.

ಅಲ್ಲಿಂದ ಮುಂದೆ ನಾನು ಮೊದಲು ನೋಡುವುದು ಒಂದೇ. ಭಾರ ಎಲ್ಲಿ ಬೀಳುತ್ತಿದೆ?

ಜನ ಎರಡು ಕಾಲಿನ ಮೇಲೂ ಸಮ ಭಾರ ಹಾಕಿ ನಿಲ್ಲುವುದು ಕಡಿಮೆ. ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನೋಡಿ, ಗೊತ್ತಾಗುತ್ತದೆ. ಒಂದು ಕಾಲು ಹೊರುತ್ತದೆ, ಇನ್ನೊಂದು ಸುಮ್ನೆ ಜೊತೆಗಿರುತ್ತದೆ. ಹೊತ್ತ ಕಾಲಿನ ಕಡೆ ಸೊಂಟ ಮೇಲೇರುತ್ತದೆ. ಬಿದ್ದುಹೋಗಬಾರದಲ್ಲ, ಅದಕ್ಕೆ ಅದೇ ಕಡೆಯ ಹೆಗಲು ಕೆಳಗಿಳಿಯುತ್ತದೆ. ಹೆಗಲಿನ ಗೆರೆ ಒಂದು ಕಡೆ ವಾಲಿದರೆ ಸೊಂಟದ ಗೆರೆ ಇನ್ನೊಂದು ಕಡೆ. ಕತ್ತಿನ ಕುಳಿಯಿಂದ ನೇರ ಕೆಳಗೆ ಒಂದು ಗೆರೆ ಬಿಟ್ಟರೆ ಅದು ಭಾರ ಹೊತ್ತ ಪಾದದ ಹತ್ತಿರವೇ ಬರಬೇಕು. ಬರದಿದ್ದರೆ ಅವನು ಗೋಡೆಗೋ ಕಂಬಕ್ಕೋ ಒರಗಿರಬೇಕು, ಇಲ್ಲವೇ ಬೀಳುತ್ತಿರಬೇಕು. ಸೊಂಟದ ಮೇಲೆ ಮಗು ಕೂರಿಸಿಕೊಂಡ ಹೆಂಗಸರನ್ನು ನೋಡಿ. ಮಗು ಇರುವ ಕಡೆ ಸೊಂಟ ಹೊರಗೆ ತಳ್ಳಿರುತ್ತದೆ, ಮೈ ಅದರ ಎದುರು ಕಡೆಗೆ ವಾಲಿರುತ್ತದೆ. ಈ ಎರಡು ಓರೆ ಗೆರೆ ಸಿಕ್ಕಿದರೆ ಮುಖ ಇಲ್ಲದಿದ್ದರೂ ಅದು ಮಗು ಎತ್ತಿಕೊಂಡ ತಾಯಿಯೇ.

ಇದನ್ನು ಕಲ್ಲಿನಲ್ಲಿ ನೋಡಬೇಕು ಅಂದರೆ ಸೋಮನಾಥಪುರಕ್ಕೆ ಹೋಗಿ. 13ನೇ ಶತಮಾನದ ಹೊಯ್ಸಳ ದೇವಸ್ಥಾನ, ಮೂರು ಗರ್ಭಗುಡಿ. ಒಂದರಲ್ಲಿ ಜನಾರ್ದನ ನೆಟ್ಟಗೆ ನಿಂತಿದ್ದಾನೆ, ಎರಡು ಕಾಲಿಗೂ ಸಮ ಭಾರ. ಇನ್ನೊಂದರಲ್ಲಿ ವೇಣುಗೋಪಾಲ, ಒಂದು ಕಾಲಿನ ಮೇಲೆ ಭಾರ ಹಾಕಿ ಇನ್ನೊಂದನ್ನು ಅಡ್ಡ ಇಟ್ಟು ತ್ರಿಭಂಗಿಯಲ್ಲಿ, ಅಂದರೆ ಮೈ ಮೂರು ಕಡೆ ಬಾಗಿಸಿ, ಕೊಳಲು ಹಿಡಿದಿದ್ದಾನೆ. ಒಂದೇ ಸೂರಿನಡಿ ಎರಡನ್ನೂ ಹೋಲಿಸಿ ನೋಡಬಹುದು. ಒಳಗೆ ಬೆಳಕು ಕಡಿಮೆ, ಜನರ ಓಡಾಟವೂ ಇರುತ್ತದೆ. ಹಾಗಾಗಿ ನಾನು ಕಣ್ತುಂಬ ನೋಡಿ, ಹೊರಗೆ ಕೈಸಾಲೆಯಲ್ಲಿ ಕೂತು ನೆನಪಿನಿಂದ ಬಿಡಿಸಿದೆ. ನಮ್ಮ ಶಿಲ್ಪಿಗಳಿಗೆ ಅಳತೆಯೂ ಖಚಿತವಾಗಿತ್ತು. ಮುಖದ ಉದ್ದ ಒಂದು ತಾಳ, ಒಂದು ತಾಳಕ್ಕೆ 12 ಅಂಗುಲ, ನವತಾಳದ ಮೂರ್ತಿ ಅಂದರೆ 108 ಅಂಗುಲ. ಅದು ದೇವರ ಅಳತೆ. ರೈಲಿನಲ್ಲಿ ಕೂತವರಿಗೆ ಅದನ್ನು ಹಚ್ಚಿದರೆ ಎಲ್ಲರೂ ಉದ್ದುದ್ದ ಕಾಣುತ್ತಾರೆ.

ಬದುಕಿರುವವರ ಅಳತೆ ಬೇರೆ. ನಿಂತ ಮನುಷ್ಯನ ಎತ್ತರ, ನೆತ್ತಿಯಿಂದ ಗದ್ದದವರೆಗಿನ ತಲೆಯ ಏಳೂವರೆ ಪಟ್ಟು, ಹೆಚ್ಚುಕಮ್ಮಿ. ಅರ್ಧ ಎತ್ತರ ಬರುವುದು ಹೊಕ್ಕುಳಿನಲ್ಲಲ್ಲ, ಅದಕ್ಕಿಂತ ಕೆಳಗೆ, ಕಾಲು ಕವಲೊಡೆಯುವ ಜಾಗದ ಹತ್ತಿರ. ಅಂಗೈಯನ್ನು ಗದ್ದಕ್ಕೆ ಇಟ್ಟು ನೋಡಿ, ಬೆರಳ ತುದಿ ಹಣೆ ಮುಟ್ಟುತ್ತದೆ. ಅಷ್ಟು ದೊಡ್ಡದು ಕೈ. ಪಾದ ಅದಕ್ಕಿಂತ ದೊಡ್ಡದು, ಮೊಣಕೈ ಮಡಿಕೆಯಿಂದ ಮಣಿಕಟ್ಟಿನವರೆಗಿನ ಉದ್ದ. ಹೊಸಬರೆಲ್ಲ ತಲೆ ದೊಡ್ಡದು, ಕೈಕಾಲು ಚಿಕ್ಕದು ಬಿಡಿಸುತ್ತಾರೆ. ಮಾತಾಡುವಾಗ ನೋಡುವುದು ಮುಖವನ್ನೇ ತಾನೇ, ಹಾಗಾಗಿ ಅದೇ ದೊಡ್ಡದಾಗಿ ಕೂತುಬಿಡುತ್ತದೆ. ಅಳತೆ ಬಗ್ಗೆ ಇಷ್ಟು ಸಾಕು. ಇದಕ್ಕಿಂತ ಜಾಸ್ತಿ ಬಾಯಿಪಾಠ ಮಾಡಿದರೆ ನೋಡುವುದು ನಿಂತುಹೋಗುತ್ತದೆ.

ನಿದ್ದೆಯವರು ಸರಿ, ಓಡಾಡುವವರನ್ನು ಬಿಡಿಸುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ಆಲೆಮನೆಯಲ್ಲಿ. ಮಂಡ್ಯದವರಿಗೆ ಆಲೆಮನೆಗೇನು ಬರವಿಲ್ಲ. ಪರಿಚಯದವರ ಆಲೆಮನೆಯಲ್ಲಿ ಭಾನುವಾರ ಹೋಗಿ ಕೂರುತ್ತಿದ್ದೆ. ಗಾಣದಿಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಬಂದು ಕುದಿಯಲು ಶುರುವಾದರೆ ಒಬ್ಬರು ಉದ್ದ ಹಿಡಿಯ ಸಟ್ಟುಗದಲ್ಲಿ ಕೊಳೆ ತೆಗೆಯುತ್ತಾರೆ. ಕೆಳಗೆ ಒಲೆಗೆ ಇನ್ನೊಬ್ಬರು ಒಣಗಿದ ಕಬ್ಬಿನ ಸಿಪ್ಪೆ ತುಂಬುತ್ತಿರುತ್ತಾರೆ. ಇವರು ನಿಲ್ಲುವುದಿಲ್ಲ, ಆದರೆ ಮಾಡಿದ್ದನ್ನೇ ಮಾಡುತ್ತಾರೆ. ಸಟ್ಟುಗ ಮುಂದೆ ಚಾಚುವುದು, ಅಂಚಿನುದ್ದಕ್ಕೂ ಎಳೆಯುವುದು, ಎತ್ತಿ ಪಕ್ಕಕ್ಕೆ ಸುರಿಯುವುದು. ಮತ್ತೆ ಚಾಚುವುದು.

ಒಂದೇ ಹಾಳೆಯಲ್ಲಿ ಮೂರು ಚಿತ್ರ ಒಟ್ಟಿಗೆ ಶುರು ಮಾಡುತ್ತೇನೆ. ಚಾಚಿದಾಗ ಮೊದಲನೆಯದಕ್ಕೆ ಎರಡು ಗೆರೆ, ಎಳೆದಾಗ ಎರಡನೆಯದಕ್ಕೆ, ಸುರಿದಾಗ ಮೂರನೆಯದಕ್ಕೆ. ಅವರು ತಿರುಗಿ ಚಾಚುವಾಗ ನಾನೂ ಮೊದಲನೆಯದಕ್ಕೆ ವಾಪಸು. ಹೀಗೆ ಸುತ್ತು ಬರುತ್ತಾ ಮೂರೂ ಬೆಳೆಯುತ್ತವೆ. ಮೊದಲ ಗೆರೆ ಯಾವಾಗಲೂ ಬೆನ್ನಿನದು, ತಲೆಯಿಂದ ಭಾರ ಹೊತ್ತ ಹಿಮ್ಮಡಿವರೆಗೆ ಒಂದೇ ಎಳೆತ. ಚಾಚಿದಾಗ ಭಾರ ಮುಂಗಾಲಿಗೆ ಹೋಗುತ್ತದೆ, ಹಿಂದಿನ ಹಿಮ್ಮಡಿ ನೆಲ ಬಿಟ್ಟು ಏಳುತ್ತದೆ. ಸುರಿಯಲು ತಿರುಗಿದಾಗ ಸೊಂಟ ಇದ್ದಲ್ಲೇ ಇದ್ದು ಎದೆಗೂಡು ಮಾತ್ರ ತಿರುಚಿಕೊಳ್ಳುತ್ತದೆ. ಎದೆಗೂಡು ಒಂದು ಡಬ್ಬ, ಸೊಂಟ ಇನ್ನೊಂದು ಡಬ್ಬ, ನಡುವೆ ಮೆತ್ತನೆಯ ಹೊಟ್ಟೆ ಅಂತ ಪುಸ್ತಕದಲ್ಲಿ ಓದಿದ್ದೆ. ಅದರ ಅರ್ಥ ತಿಳಿದದ್ದು ಅಲ್ಲಿ. ಅವರು ಪಂಚೆ ಮಂಡಿ ಮೇಲಕ್ಕೆ ಎತ್ತಿ ಕಟ್ಟಿರುತ್ತಾರೆ, ಮೇಲೆ ಬನಿಯನ್ನೋ ಬರೀ ಮೈಯೋ. ಮಾಡೆಲ್ ಸಿಗಲಿಲ್ಲ ಅಂತ ಕೊರಗುವುದು ನನಗೆ ಅಲ್ಲಿಗೆ ತಪ್ಪಿತು. ಬೇಕಿದ್ದರೆ ಬಿಸಿ ಬೆಲ್ಲವೂ ಸಿಗುತ್ತದೆ.

ಮೈಸೂರಿನ ಗರಡಿ ಮನೆಗಳೂ ಇದಕ್ಕೆ ಚೆನ್ನ. ಉಸ್ತಾದರನ್ನು ಮೊದಲೇ ಕೇಳಿ, ಚಪ್ಪಲಿ ಹೊರಗೆ ಬಿಟ್ಟು, ಮಟ್ಟಿಯಿಂದ, ಅಂದರೆ ಕುಸ್ತಿಯ ಮಣ್ಣಿನ ಅಂಕಣದಿಂದ, ದೂರ ಮೂಲೆಯಲ್ಲಿ ಕೂತರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ದಂಡ ಹೊಡೆಯುವುದು, ಗದೆ ತಿರುಗಿಸುವುದು ಮತ್ತೆ ಮತ್ತೆ ಬರುವ ಭಂಗಿಗಳು. ಕುಸ್ತಿ ಮಾತ್ರ ಹೊಸಬರ ಕೈಗೆ ಸಿಗುವಂಥದ್ದಲ್ಲ. ಇಬ್ಬರು ಒಬ್ಬರಾಗಿ ಸುತ್ತಿಕೊಂಡರೆ ಯಾವ ಕಾಲು ಯಾರದು ಅಂತ ಅವರಿಗೇ ಗೊತ್ತಿರುತ್ತದೋ ಇಲ್ಲವೋ.

ಸೀರೆ ನನಗೆ ದೊಡ್ಡ ತಲೆನೋವಾಗಿತ್ತು. ಪುಸ್ತಕಗಳಲ್ಲಿ ಬರುವುದು ಬಟ್ಟೆ ಇಲ್ಲದ ಮೈ. ನಮ್ಮ ಸುತ್ತ ಇರುವುದು ಸೀರೆ, ಪಂಚೆ, ಚೂಡಿದಾರ. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವಿದೆ. ಸುಮಾರು ಜನ ಅದು ರವಿವರ್ಮನದು ಅಂದುಕೊಂಡಿದ್ದಾರೆ. ಬಿಡಿಸಿದವರು ಎಸ್.ಎಲ್. ಹಲ್ದಂಕರ್, ಅದೂ ಜಲವರ್ಣದಲ್ಲಿ. ಎಲ್ಲರೂ ದೀಪದ ಬೆಳಕನ್ನು, ಬೆರಳ ಸಂದಿಯ ಕೆಂಪನ್ನು ನೋಡಿ ಮುಂದೆ ಹೋಗುತ್ತಾರೆ. ನಾನು ಸೀರೆಯನ್ನು ನೋಡುತ್ತಾ ನಿಂತೆ. ಕಾಲನ್ನು ಸೀರೆ ಮುಚ್ಚಿದೆ, ಆದರೂ ಆಕೆ ನಿಂತಿದ್ದಾಳೆ ಅನ್ನುವುದರಲ್ಲಿ ಅನುಮಾನವೇ ಬರುವುದಿಲ್ಲ. ಬಟ್ಟೆಯ ಮಡಿಕೆ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಬಟ್ಟೆ ಮೈಗೆ ಸಿಕ್ಕಿಕೊಂಡು ಜಗ್ಗುವ ಕಡೆ, ಅಂದರೆ ಹೆಗಲು, ಸೊಂಟ, ಮಡಿಸಿದ ಮಂಡಿ, ಅಲ್ಲಿಂದ ಹೊರಡುತ್ತದೆ. ಆ ಜಾಗಗಳನ್ನು ಮೊದಲು ಗುರುತು ಮಾಡಿಕೊಂಡು ಆಮೇಲೆ ನಾಲ್ಕೈದು ಮಡಿಕೆ ಎಳೆದರೆ ಸಾಕು. ನೆರಿಗೆ ಎಣಿಸಿ ಬಿಡಿಸುತ್ತಾ ಕೂತರೆ ಸೀರೆ ಬರುತ್ತದೆ, ಒಳಗಿರುವವರು ಬರುವುದಿಲ್ಲ.

ಸಾಮಾನಿನ ವಿಷಯ. ರೈಲಿಗೆ ಬಾಲ್ ಪೆನ್ನು, ಆಫೀಸಿನಲ್ಲಿ ಒಂದು ಬದಿ ಪ್ರಿಂಟ್ ಆಗಿ ಬಿಸಾಡುವ ಎ4 ಹಾಳೆ, ಒಂದು ರಟ್ಟು, ಒಂದು ಕ್ಲಿಪ್ಪು. ಪೆನ್ನಾದರೆ ಅಳಿಸುವ ಯೋಚನೆಯೇ ಬರುವುದಿಲ್ಲ. ಮನೆಯಲ್ಲಿ ಮೆತ್ತಗೆ ಕಪ್ಪಾಗಿ ಬರೆಯುವ 4ಬಿ ಅಥವಾ 6ಬಿ ಪೆನ್ಸಿಲು, ದೊಡ್ಡ ನ್ಯೂಸ್‌ಪ್ರಿಂಟ್ ಹಾಳೆ. ದೊಡ್ಡ ಹಾಳೆಯಲ್ಲಿ ಮಣಿಕಟ್ಟಿನಿಂದಲ್ಲ, ಭುಜದಿಂದ ಗೆರೆ ಎಳೆಯಬೇಕು. ದುಬಾರಿ ಸ್ಕೆಚ್‌ಬುಕ್ ಕೊಳ್ಳಬೇಡಿ. ಅದರ ಬೆಲೆ ನೆನಪಾಗಿಯೇ ಕೈ ಬಿಗಿಯುತ್ತದೆ.

ಅಪರಿಚಿತರನ್ನು ಬಿಡಿಸುವಾಗ ನಾನು ಮುಖ ಬಿಡಿಸುವುದಿಲ್ಲ, ಬರೀ ತಲೆಯ ಮೊಟ್ಟೆಯಾಕಾರ ಮತ್ತು ಅದು ವಾಲಿದ ದಿಕ್ಕು. ಯಾರಾದರೂ ಗಮನಿಸಿದರೆ ಮುಚ್ಚಿಡದೆ ತೋರಿಸುತ್ತೇನೆ. ಬೇಡ ಅಂದರೆ ಹಾಳೆ ಅವರಿಗೇ ಕೊಟ್ಟುಬಿಡುತ್ತೇನೆ. ಬಿಡಿಸಿದ್ದಕ್ಕೆ ಹಿಂದೆ ತಾರೀಕು ಬರೆದು ಒಂದು ಬಿಸ್ಕತ್ ಡಬ್ಬಕ್ಕೆ ಹಾಕುವುದು, ಅವತ್ತೇ ಮತ್ತೆ ನೋಡುವುದಿಲ್ಲ. ಬಿಡಿಸಿದ ದಿನ ಕಣ್ಣಿಗೆ ಕಾಣುವುದು ತಪ್ಪು ಮಾತ್ರ. ತಿಂಗಳು ಬಿಟ್ಟು ತೆಗೆದಾಗ, ಯಾರನ್ನು ನೋಡಿ ಬಿಡಿಸಿದ್ದು ಅನ್ನುವುದು ಮರೆತಿರುತ್ತದೆ. ಆಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ, ಇವನು ನಿಂತಿದ್ದಾನೋ ಇಲ್ಲವೋ. ಚೆನ್ನಾಗಿದೆಯಾ ಅಂತ ಕೇಳಿಕೊಂಡರೆ ಉತ್ತರ ಯಾವಾಗಲೂ ಇಲ್ಲ ಅಂತಲೇ ಬರುತ್ತದೆ. ಇದಕ್ಕಾದರೆ ಹೌದು ಅನ್ನುವ ಉತ್ತರ ಆಗಾಗ ಸಿಗುತ್ತದೆ, ಮರುದಿನ ಪೆನ್ನು ಹಿಡಿಯಲು ಅಷ್ಟಾದರೂ ಬೇಕಲ್ಲ.

ಈಗ ಕೈ ಹಿಂದೆ ಬಿದ್ದಿದ್ದೇನೆ. ಐದು ಬೆರಳನ್ನು ಒಂದೊಂದಾಗಿ ಬಿಡಿಸುವುದು ಬಿಟ್ಟು, ಹೆಬ್ಬೆರಳು ಬೇರೆ, ಉಳಿದ ನಾಲ್ಕೂ ಸೇರಿ ಒಂದೇ ಹಲಗೆ ಅಂತ ಶುರು ಮಾಡಿ, ಮಣಿಕಟ್ಟು ಯಾವ ಕಡೆ ಬಗ್ಗಿದೆ ಅನ್ನುವುದನ್ನು ಮೊದಲು ಹಿಡಿಯುತ್ತೇನೆ. ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವವರ ಕೈಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ, ಅಲ್ಲೂ ಅದೇ ಮೂರು ಭಂಗಿ ಸುತ್ತಿ ಸುತ್ತಿ ಬರುತ್ತವೆ. ಒಂದು ಮೊಳ ಮಲ್ಲಿಗೆ ಕೊಂಡು ಪಕ್ಕಕ್ಕೆ ಸರಿದು ನಿಂತರೆ ಯಾರೂ ಏನೂ ಅನ್ನುವುದಿಲ್ಲ. ಹಬ್ಬದ ಹಿಂದಿನ ದಿನ ಮಾತ್ರ ಹೋಗಬೇಡಿ, ಕಾಲಿಡಲೂ ಜಾಗ ಇರುವುದಿಲ್ಲ.